ಅಡುಗೆಕೋಣೆ ಅಳೆಯಲು ಹೋದಾಗ

ಪಡೀಲಿನಲ್ಲಿ ನಾವು ಕೊಳ್ಳಲು ಹೊರಟಿದ್ದ ಮನೆಯ ಅಡುಗೆಕೋಣೆಯನ್ನು ದೊಡ್ಡದು ಮಾಡಿಸುವ ಲೆಕ್ಕದಲ್ಲಿ ಟೇಪು ಹಿಡಿದು ಅಳೆಯುತ್ತಿದ್ದೆ. ಒಳಗಿನಿಂದ ಬಂದ ವೃದ್ಧೆಯೊಬ್ಬರು ನನ್ನ ಕೈಗೆ ಬೆಲ್ಲ, ನೀರು ಕೊಟ್ಟು, "ಗೋಡೆ ಒಡೆಯುದಾದ್ರೆ ನಾನು ಸತ್ತ ಮೇಲೆ ಒಡೀರಿ, ಆಯ್ತಾ?" ಎಂದರು. ಕುಡಿಯುತ್ತಿದ್ದ ನೀರು ನೆತ್ತಿಗೇರಿತು.

ಮನೆ ಮಾರುತ್ತಿದ್ದವನು ಅವರ ಗಂಡನ ತಂಗಿಯ ಮಗ. ಮನೆ ತನ್ನದೆಂದು ಅವನು ಹೇಳಿದ್ದು ಸುಳ್ಳಲ್ಲ. ಆದರೆ ತೀರಿಹೋದ ಸೋದರಮಾವ ಬರೆದಿಟ್ಟ ಉಯಿಲಿನಂತೆ, ಹೆಂಡತಿಗೆ ಬದುಕಿರುವವರೆಗೂ ಅಲ್ಲಿ ವಾಸಿಸುವ ಹಕ್ಕಿತ್ತು. ಮನೆಯನ್ನು ಯಾರೇ ಕೊಂಡರೂ ಅವರನ್ನು ಎಬ್ಬಿಸುವಂತಿರಲಿಲ್ಲ.

"ಇದನ್ನು ಮೊದಲೇ ಯಾಕೆ ಹೇಳ್ಲಿಲ್ಲ?" ಎಂದು, ಮನೆ ತೋರಿಸಲು ಬಂದಿದ್ದ ಅವನ ಮೇಲೆ ರೇಗಿದೆ.

ಅವನು ಅತ್ತೆಯ ಎದುರೇ, "ಅದೆಂತ ದೊಡ್ಡ ವಿಷಯ ಮಾರಾಯ್ರೆ? ಅವರ ಪ್ರಾಯ ನೋಡಿ. ಇನ್ನೆಷ್ಟು ಸಮಯ ಉಂಟು?" ಎಂದ. ಅವನ ಅತ್ತೆ ನನ್ನ ಲೋಟ ತೆಗೆದುಕೊಂಡು ಒಳಗೆ ಹೋದರು.

ಆ ಮನೆಯನ್ನು ನಾವು ಕೊಳ್ಳಲಿಲ್ಲ. ಬಸ್ಸಿಗೆ ಹೋಗುವಾಗ ಈಗಲೂ ಅವರು ಜಗಲಿಯಲ್ಲಿ ಕಾಣುತ್ತಾರೆ, ನಗುತ್ತಾರೆ. ನಾನೂ ನಗುತ್ತೇನೆ. "ಸೌಖ್ಯವಾ ಅಮ್ಮ?" ಎಂದು ಕೇಳಲು ಮಾತ್ರ ಬಾಯಿ ಬರುವುದಿಲ್ಲ.