ಪಲ್ಲವಿಗೆ ನಿಲ್ಲಬೇಕು

ಸಿರುಗುಪ್ಪದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಸಂಜೆ ಮಾಳಿಗೆಯ ಮೇಲೆ ಹಾಡು ಹಚ್ಚಿ ಹೆಂಗಸರಿಗೆ ವ್ಯಾಯಾಮ ಮಾಡಿಸುತ್ತಿದ್ದರು. ಬೋರಲು ಹಾಕಿದ ಬಕೆಟ್ಟಿನ ಮೇಲೆ ಸ್ಪೀಕರ್. ಚರಣಕ್ಕೆ ಜೋರಾಗಿ ಕುಣಿಯಬೇಕು, ಪಲ್ಲವಿಗೆ ನಿಲ್ಲಬೇಕು. ಯಾರಾದರೂ ನಿಲ್ಲದಿದ್ದರೆ ಬಸ್ಸು ತಡೆಯುವವರಂತೆ ಅಂಗೈ ಎತ್ತಿ, “ಕುಣಿಯೂದು ಅರ್ಧ, ಉಸುರು ತಗೊಳ್ಳೂದು ಅರ್ಧ” ಎನ್ನುವರು.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಬಳ್ಳಾರಿಯ ಕಾಲೇಜಿನಲ್ಲಿ ಪದವಿ ಕೊಡುವ ಸಭಾಂಗಣ ಮೂರನೆಯ ಮಹಡಿಯಲ್ಲಿತ್ತು. ನಾಲ್ಕು ಮೆಟ್ಟಿಲಿಗೇ ಏದುಸಿರು ಬಿಡುವ ಅವ್ವ, ಸಮಾರಂಭಕ್ಕೆ ಇನ್ನೂ ತಿಂಗಳುಗಳಿರುವಾಗಲೇ, “ನಾ ಕೆಳಗ ಕುಂದರ್ತೀನಿ” ಎಂದಳು.

ಅಕ್ಕ ಕೇಳಿ ನಕ್ಕರು. “ಮಗಳು ಡಿಗ್ರಿ ಇಸ್ಕೊಳ್ಳೂದು ಸೈಕಲ್ ಸ್ಟ್ಯಾಂಡಿನಿಂದ ಕಾಣ್ತೈತೇನ್ರಿ ದೊಡ್ಡವ್ವಾ? ನಾಳಿಂದ ಮಾಳಿಗಿಗೆ ಬರ್ರಿ.”

ಮೊದಮೊದಲು ಅವ್ವ ಕೂತು ಕೂತು ಮಾಳಿಗೆ ಹತ್ತಿ, ಗೋಡೆ ಹಿಡಿದೇ ಕಾಲೆತ್ತುತ್ತಿದ್ದಳು. ಅವಳಿಗಾಗಿ ಅಕ್ಕ ನಿಧಾನದ ಹಾಡು ಹಚ್ಚುತ್ತಿದ್ದರು. ಚಳಿಗಾಲ ಕಳೆಯುವ ಹೊತ್ತಿಗೆ ಅವ್ವ ಗೋಡೆ ಬಿಟ್ಟಿದ್ದಳು.

ಪದವಿಯ ದಿನ ಕಾಲೇಜಿನ ಮೆಟ್ಟಿಲು ಅರ್ಧ ಹತ್ತಿ ಅವ್ವ ನಿಂತಳು. ಹಿಂದಿದ್ದವರು, “ಏನಾತಮ್ಮಾ, ನಡೀರಿ” ಎಂದು ಅವಸರ ಮಾಡಿದರು. ಅವ್ವ ಅಂಗೈ ಎತ್ತಿದಳು. “ತಡೀರಿ, ಇನ್ನಾ ಪಲ್ಲವಿ ನಡದೈತಿ.”

ಮೇಲೆ ಮುಟ್ಟಿದ್ದೇ ಅಕ್ಕನಿಗೆ ಫೋನು ಹಚ್ಚಿಸಿದಳು. “ಹತ್ತೇಬಿಟ್ಟೆ ನೋಡವಾ!”

“ಮಾತು ಆಮ್ಯಾಲ ದೊಡ್ಡವ್ವಾ,” ಎಂದರು ಅಕ್ಕ. “ಮೊದಲ ಉಸುರು ತಗೋರಿ.”