ಬೀರುವಿನ ಹಿಂದಿನ ಗೋಡೆ

ನನ್ನ ತಂಗಿಯ ಗಂಡನಿಗೆ ಊರವರು ಇಟ್ಟಿರುವ ಹೆಸರು ‘ಆದ್ರೂ’. ಮನೆ ಕೊಡಿಸುವ, ಮಾರಿಸುವ ದಲ್ಲಾಳಿ ಕೆಲಸ ಅವರದು. ಎಂಥ ಮನೆ ತೋರಿಸಿದರೂ ಒಂದು ಸುತ್ತು ಹಾಕಿ, ಗೋಡೆಗೆ ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು ಕೇಳಿ, “ಚೆನ್ನಾಗಿದೆ. ಆದ್ರೂ...” ಎನ್ನುತ್ತಾರೆ. ಆ ಆದ್ರೂವಿನ ಮುಂದೆ ಏನೂ ಬರುವುದಿಲ್ಲ. ಬರದೇ ಇರುವುದರಿಂದಲೇ ಕೇಳಿದವರ ನಿದ್ದೆ ಕೆಡುತ್ತದೆ.

ನಾನು ಅವರನ್ನು ಭಾವ ಎನ್ನುತ್ತೇನೆ, ಅವರೂ ನನ್ನನ್ನು ಭಾವ ಎನ್ನುತ್ತಾರೆ. ನಮ್ಮಿಬ್ಬರ ನಡುವೆ ಸಮಾನತೆ ಇರುವುದು ಅದೊಂದರಲ್ಲೇ. ಮನೆ ವ್ಯವಹಾರದಲ್ಲಿ ಅವರು ಕಾಣದ್ದಿಲ್ಲ, ನಾನು ಕಂಡದ್ದಿಲ್ಲ. ನಾನಿರುವ ಮನೆ ಅಪ್ಪ ಕಟ್ಟಿಸಿದ್ದು. ಅದರ ಪತ್ರಗಳು ಎಲ್ಲಿವೆಯೆಂದು ನನ್ನ ಹೆಂಡತಿಯನ್ನು ಕೇಳಬೇಕು.

ಹೊಸ ಬಣ್ಣ ಹೊಡೆದ ಮನೆ ಕಂಡರೆ ಭಾವನಿಗೆ ಅನುಮಾನ. ಹೊಡೆಯದ ಮನೆ ಕಂಡರೆ ಇನ್ನೂ ಹೆಚ್ಚು ಅನುಮಾನ, ಬಣ್ಣಕ್ಕೇ ಗತಿಯಿಲ್ಲದವನು ತೆರಿಗೆ ಕಟ್ಟಿದ್ದಾನೆಯೇ ಎಂದು. ಸಣ್ಣ ಗಂಟಿನಲ್ಲಿ ಒಂದು ಮನೆ ಕೊಂಡು ಬಾಡಿಗೆಗೆ ಬಿಡೋಣ ಎಂದು ಆಸೆಪಟ್ಟು ಬಂದವರಿಗೆ ಅವರ ಮೊದಲ ಪಾಠ ಹೀಗಿರುತ್ತದೆ: “ಇಷ್ಟು ಬಾಡಿಗೆ ಬರ್ತಿದೆ ಅಂತ ಮಾರೋನು ಹೇಳಿದ್ರೆ ನಂಬಬೇಡಿ, ಬಾಡಿಗೆಯವನನ್ನೇ ಕೇಳಿ. ಬಾಡಿಗೆಯವನು ಮಾರೋನಿಗೆ ಷಡ್ಡಕ ಆಗಿದ್ರೆ ಕೊಟ್ಟ ಕಾಫೀನೂ ಕುಡೀದೆ ಎದ್ದು ಬನ್ನಿ.” ಮನೆಯನ್ನು ಮಧ್ಯಾಹ್ನ ನೋಡಬಾರದು, ಮೇಲಿನವರೆಲ್ಲ ಮನೆಗೆ ಬಂದಿರುವ ಸಂಜೆ ನೋಡಬೇಕು, ಅವರ ಕಾಲಸಪ್ಪಳ ಆಗ ತಾನೇ ಕೇಳುವುದು. ನಲ್ಲಿಗಳನ್ನು ಒಂದೊಂದಾಗಿ ತಿರುಗಿಸಿದರೆ ಎಲ್ಲವೂ ಯೋಗ್ಯರಂತೆ ಸುರಿಯುತ್ತವೆ, ಒಟ್ಟಿಗೆ ತಿರುಗಿಸಿದಾಗ ಬಂಡವಾಳ ಬಯಲಾಗುತ್ತದೆ. ಇವೆಲ್ಲ ಒಳ್ಳೆಯ ಮಾತುಗಳೇ. ಅವರ ಮಾತು ಕೇಳಿ ಕೆಟ್ಟವರನ್ನು ನಾನು ಕಂಡಿಲ್ಲ. ಕೇಳಿ ಮನೆ ಕೊಂಡವರನ್ನೂ ಅಷ್ಟಾಗಿ ಕಂಡಿಲ್ಲ.

ಭಾವ ಮಾರುವವರ ಪರವಾಗಿದ್ದಾಗ ಎರಡು ಕಟ್ಟುನಿಟ್ಟು ಇಟ್ಟುಕೊಂಡಿದ್ದರು. ಮನೆ ತೋರಿಸುವಾಗ ಒಡೆಯ ಅಲ್ಲಿರಕೂಡದು, ಬಾಯಿಬಿಟ್ಟರೆ ಬೆಲೆ ಇಳಿಸುತ್ತಾನೆ. ಕರಾರಿಗೆ ಸಹಿ ಹಾಕುವ ದಿನದವರೆಗೆ ಮಾರುವವರೂ ಕೊಳ್ಳುವವರೂ ಒಬ್ಬರ ಮುಖ ಒಬ್ಬರು ನೋಡಕೂಡದು, ಹೆಸರೂ ತಿಳಿಯಕೂಡದು. ತಿಳಿದರೆ ಇಬ್ಬರೂ ಒಂದಾಗಿ ದಲ್ಲಾಳಿಗೆ ಕೈಕೊಡುತ್ತಾರೆ. ಕೊಳ್ಳುವವರನ್ನು ಇನ್ನೊಬ್ಬ ದಲ್ಲಾಳಿ ಕರೆತಂದರೆ, ಅವನಿಗೂ ತಮ್ಮ ಕಡೆಯವರು ಯಾರೆಂದು ಹೇಳರು, ಅವನ ಕಡೆಯವರು ಯಾರೆಂದು ಕೇಳರು. ಕರಾರಿನಲ್ಲಿ ಹೆಸರಿನ ಜಾಗ ಕೊನೆಯ ದಿನದವರೆಗೂ ಖಾಲಿ.

ಇಂಥ ಭಾವ ಇರುವುದು ಬಾಡಿಗೆ ಮನೆಯಲ್ಲಿ. ಮದುವೆಯಾದಾಗಿನಿಂದ ತಂಗಿ ತೋರಿಸಿದ ಪ್ರತಿ ಮನೆಗೂ ಒಂದು ಆದ್ರೂ ಬಿದ್ದಿತ್ತು. ಈಗ ಆ ಬಾಡಿಗೆ ಮನೆಯ ಒಡತಿ, ಮಗಳು ವಾಪಸು ಬರುತ್ತಿದ್ದಾಳೆ, ಬೇಸಿಗೆ ಮುಗಿಯುವುದರೊಳಗೆ ಖಾಲಿ ಮಾಡಿ ಎಂದಿದ್ದಳು. ತಂಗಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವವಳು. ಒಂದು ಸಂಜೆ ಬಂದು ನನ್ನ ಎದುರು ಕೂತಳು.

“ಅಣ್ಣ, ಇನ್ನೊಂದು ಬಾಡಿಗೆ ಮನೆಗೆ ಹಾಸಿಗೆ ಕಟ್ಟೋಕೆ ನನ್ನ ಕೈಲಾಗಲ್ಲ. ನನ್ನ ಉಳಿತಾಯ ಇದೆ, ಸಾಲಕ್ಕೆ ಬ್ಯಾಂಕೂ ಒಪ್ಪಿದೆ. ಅವರಿಗೆ ಹೇಳದೆ ಕೊಂಡುಬಿಡ್ತೀನಿ. ನೀನು ಜೊತೆಗಿರು.”

“ನಾನಿದ್ದು ಏನು ಉಪಯೋಗ? ನನಗೆ ಮನೆ ಅಂದ್ರೆ ಒಳಗೆ ಹೋಗೋ ಬಾಗಿಲು ಅಷ್ಟೇ ಗೊತ್ತು.”

“ಅದಕ್ಕೇ ನೀನು ಬೇಕು. ತಲೆಯಾಡಿಸೋರು ಒಬ್ಬರು ಬೇಕು ನನಗೆ.”

ಭಾವನಿಗೆ ಕಂಡರಾಗದ ದಲ್ಲಾಳಿಯೊಬ್ಬನಿದ್ದ. ಮಾತು ಅಷ್ಟು ಸಿಹಿಯಾಗಿದ್ದುದರಿಂದ ಅವನಿಗೆ ಕಲ್ಲುಸಕ್ಕರೆ ಎಂದು ಹೆಸರು. ತಂಗಿ ಅವನನ್ನೇ ಹಿಡಿದಳು. ಅವನು ಎರಡನೇ ಮಹಡಿಯ ಒಂದು ಮನೆಗೆ ಕರೆದೊಯ್ದ. ಬೆಳಕಿತ್ತು, ಗಾಳಿಯಿತ್ತು, ಅಡುಗೆಮನೆಯ ಕಿಟಕಿಗೆ ಎದುರಿನ ಮರದ ಕೊಂಬೆ ತಾಗುತ್ತಿತ್ತು. ತಂಗಿ ನಲ್ಲಿಗಳನ್ನೆಲ್ಲ ಒಟ್ಟಿಗೆ ತಿರುಗಿಸಿದಳು. ಎಷ್ಟೆಂದರೂ ದಲ್ಲಾಳಿಯ ಹೆಂಡತಿ. ಎಲ್ಲವೂ ಸುರಿದವು. ಮಲಗುವ ಕೋಣೆಯಲ್ಲಿ ಬಚ್ಚಲಿಗೆ ಅಂಟಿದ ಗೋಡೆಗೆ ದೊಡ್ಡ ಬೀರು ನಿಂತಿತ್ತು. ನಾನು ಬೀರು ಗಟ್ಟಿಯಾಗಿದೆ ಎಂದು ತಲೆಯಾಡಿಸಿದೆ. ಕಲ್ಲುಸಕ್ಕರೆ ನನ್ನನ್ನು ಒಮ್ಮೆ ಓರೆಗಣ್ಣಿನಲ್ಲಿ ನೋಡಿದ. ಇಷ್ಟು ಸುಲಭವಾಗಿ ಒಪ್ಪುವ ಮನುಷ್ಯನನ್ನು ಅವನೂ ನಂಬಲಾರ.

ಪತ್ರಗಳು ನೇರ ವಕೀಲರಿಗೇ ಹೋದವು, ಅವರು ನೋಡಿ ಸರಿ ಎಂದರು. ತಂಗಿ ಚೌಕಾಸಿ ಮಾಡಲಿಲ್ಲ. “ಅನುಮಾನಪಟ್ಟು ಪಟ್ಟು ಸಾಕಾಗಿದೆ ಅಣ್ಣ, ಒಂದು ಸಲ ನಂಬಿ ನೋಡ್ತೀನಿ,” ಎಂದಳು.

ಮುಂದಿನ ಭಾನುವಾರ ಅವರ ಮನೆಯಲ್ಲಿ ನನಗೆ ಊಟ. ಭಾವ ಎಂದಿಗಿಂತ ಗೆಲುವಾಗಿದ್ದರು.

“ಭಾವ, ಕೈಯಲ್ಲಿ ಒಂದು ವ್ಯಾಪಾರ ಇದೆ. ಮಾರೋರು ನಮ್ಮ ಕಡೆ, ಗಡಿಯಾರ ರಿಪೇರಿ ಮಾಡ್ತಾರಲ್ಲ, ಆ ಯಜಮಾನರು. ಮಂಡಿ ನೋವು, ಮೆಟ್ಟಿಲು ಹತ್ತೋಕಾಗಲ್ಲ ಅಂತ ಎರಡನೇ ಮಹಡಿ ಮನೆ ಮಾರ್ತಿದಾರೆ. ಕೊಳ್ಳೋರು ಆ ಕಲ್ಲುಸಕ್ಕರೆ ಕಡೆಯೋರು. ಯಾರೋ ಪುಣ್ಯಾತ್ಮರು, ಬೆಲೆ ಇಳಿಸಿ ಅಂತಾನೂ ಕೇಳಲಿಲ್ಲವಂತೆ. ಜೊತೇಲಿ ಒಬ್ಬ ಬಂದಿದ್ದನಂತೆ, ಬೀರು ನೋಡಿ ತಲೆಯಾಡಿಸಿದನಂತೆ. ಒಂದೋ ಕಳ್ಳದುಡ್ಡು, ಇಲ್ಲಾ ಶುದ್ಧ ಪೆದ್ದ.”

ನನ್ನ ಕೈಯ ತುತ್ತು ಬಾಯಿಯ ದಾರಿ ಮರೆಯಿತು.

“ಆ ಬೀರು ಇಡಿಸಿದ್ದೇ ನಾನು,” ಎಂದರು ಭಾವ. “ಬಚ್ಚಲ ಪೈಪು ಒಳಗೇ ಸೋರಿ ಗೋಡೆ ಒದ್ದೆಯಾಗಿತ್ತು. ಏನ್ಮಾಡೋದು ಅಂತ ಯಜಮಾನರು ಕೇಳಿದ್ರು. ಬೀರು ಅಲ್ಲಿಗೆ ತಳ್ಳಿ, ಕೇಳಿದ್ರೆ ಹೇಳೋಣ, ಕೇಳದೇ ಇದ್ರೆ ನಮಗ್ಯಾಕೆ ಅಂದೆ.”

ಬಡಿಸುತ್ತಿದ್ದ ತಂಗಿಯ ಸೌಟು ಗಾಳಿಯಲ್ಲೇ ನಿಂತಿತು. ಅವಳು ನನ್ನತ್ತ ನೋಡಲಿಲ್ಲ. ಮೆಲ್ಲಗೆ ಕೇಳಿದಳು, “ಪಾಪ, ಕೊಳ್ಳೋರ ಗತಿ?”

“ಅವರು ಹುಷಾರಾಗಿರಬೇಕು. ನಾನಾಗಿದ್ರೆ ಮೊದಲು ಬೀರು ಸರಿಸ್ತಿದ್ದೆ.”

“ಆಮೇಲೆ?”

ಯಾರಾದರೂ ಆಮೇಲೆ ಎಂದರೆ ಭಾವನಿಗೆ ಮೈಮೇಲೆ ಬಂದಂತೆ. “ಆಮೇಲೆ ಜಗಳ ಆಡಬಾರದು. ಮನೆ ಬೇಡ ಅಂತಾನೂ ಅನ್ನಬಾರದು. ಸಹಿಗೆ ಮುಂಚೆ ಒಬ್ಬ ಪ್ಲಂಬರನ್ನ ಕರ್ಕೊಂಡು ಹೋಗಿ, ಬಚ್ಚಲು ಒಡೆದು ಪೈಪ್ ಬದಲಾಯಿಸೋಕೆ ಎಷ್ಟಾಗುತ್ತೆ ಅಂತ ಅವನ ಕೈಲೇ ಬರೆಸಬೇಕು. ಅಷ್ಟನ್ನೂ, ಗೋಡೆ ಒಣಗಿಸೋ ಖರ್ಚನ್ನೂ ಬೆಲೇಲಿ ಕಳೀರಿ ಅನ್ನಬೇಕು. ಯಜಮಾನರಿಗೆ ಮಂಡಿ ನೋವು, ಒಪ್ಪಲೇಬೇಕು. ಇದೆಲ್ಲ ಆ ಪೆದ್ದಂಗೆ ಹೇಳೋರ್ಯಾರು?”

“ಯಾರೂ ಇಲ್ಲ,” ಎಂದಳು ತಂಗಿ, ಅವರ ತಟ್ಟೆಗೆ ಇನ್ನೊಂದು ಸೌಟು ಹೆಚ್ಚು ಹಾಕುತ್ತ.

ಮರುದಿನವೇ ಅವಳು ಪ್ಲಂಬರನ ಜೊತೆ ಹೋದಳು. ಬೀರು ಸರಿಸಲು ನನ್ನನ್ನೂ ಎಳೆದೊಯ್ದಳು. ನನ್ನ ಬೆನ್ನು ಅದನ್ನು ಈಗಲೂ ಮರೆತಿಲ್ಲ. ಸಂಜೆಗೆ ಭಾವನ ಫೋನು.

“ಭಾವ, ಬೀರು ಸರಿಸಿದ್ದಾರೆ. ನಾನು ಹೇಳಿದ ಹಾಗೇ ಲೆಕ್ಕ ಬರೆಸಿದ್ದಾರೆ, ಒಂದಕ್ಷರ ಬಿಟ್ಟಿಲ್ಲ. ಯಾರೋ ಬಾಯಿ ಬಿಟ್ಟಿದ್ದಾರೆ. ನೀವು ಯಾರ ಹತ್ರಾನಾದ್ರೂ ಅಂದ್ರಾ?”

“ನಾನಾ? ನನಗೆ ನೆನಪಿದ್ರೆ ತಾನೇ,” ಎಂದೆ. ನನ್ನ ದಡ್ಡತನಕ್ಕೆ ಊರಲ್ಲಿರುವ ಹೆಸರು ಅಂದು ಕೆಲಸಕ್ಕೆ ಬಂತು.

ಅವರು ಯಜಮಾನರನ್ನು ಅನುಮಾನಿಸಿದರು, ಪ್ಲಂಬರನನ್ನು ಅನುಮಾನಿಸಿದರು, ಕೆಳಮನೆಯವರನ್ನು ಅನುಮಾನಿಸಿದರು. ಹೆಂಡತಿಯೊಬ್ಬಳನ್ನು ಬಿಟ್ಟು. ಯಜಮಾನರು ಗೊಣಗುತ್ತಲೇ ಬೆಲೆ ಇಳಿಸಿದರು.

ಸಹಿ ನಡೆದದ್ದು ವಕೀಲರ ಕೊಠಡಿಯಲ್ಲಿ. ನಾವು ಮೊದಲೇ ಹೋಗಿ ಕೂತಿದ್ದೆವು. ಯಜಮಾನರ ಕೈಹಿಡಿದು ನಡೆಸಿಕೊಂಡು ಬಂದ ಭಾವ ಬಾಗಿಲಲ್ಲೇ ನಿಂತರು. ತಂಗಿಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ನನ್ನನ್ನು ಇನ್ನೊಂದು ಸ್ವಲ್ಪ ಹೆಚ್ಚು ಹೊತ್ತು ನೋಡಿದರು.

“ಪರಿಚಯದೋರಾ?” ಎಂದರು ಯಜಮಾನರು.

ಭಾವ ಗಂಟಲು ಸರಿಮಾಡಿಕೊಂಡರು. ಸುಳ್ಳು ಹೇಳುತ್ತಾರೇನೋ ಎಂದುಕೊಂಡೆ. “ನನ್ನ ಹೆಂಡತಿ,” ಎಂದರು.

ಕಲ್ಲುಸಕ್ಕರೆ ಕರಗಿದಂತೆ ಕುರ್ಚಿಗೆ ಒರಗಿದ. ಯಜಮಾನರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಭಾವನನ್ನು ಹೊಸದಾಗಿ ನೋಡಿದರು. “ಓಹೋ. ಬೀರು ಇಡಿ ಅಂತ ನನಗೆ ಹೇಳಿದ್ದೂ ನೀವೇ, ಬೀರು ಸರಿಸು ಅಂತ ಹೆಂಡತಿಗೆ ಹೇಳಿದ್ದೂ ನೀವೇ. ಚೆನ್ನಾಗಿದೆ ನಿಮ್ಮ ವ್ಯಾಪಾರ.”

“ಅವರು ಹೇಳಿದ್ದು ಹೌದು,” ಎಂದಳು ತಂಗಿ. “ಯಾರಿಗೆ ಹೇಳ್ತಿದೀನಿ ಅಂತ ಅವರಿಗೆ ಗೊತ್ತಿರಲಿಲ್ಲ.”

ಯಾರು ನಂಬುತ್ತಾರೆ? ಊರನ್ನೆಲ್ಲ ಅನುಮಾನಿಸಿದ ಮನುಷ್ಯ ತಾನೇ ಅನುಮಾನಕ್ಕೆ ಗುರಿಯಾಗಿ, ಕೂರಲು ಕುರ್ಚಿಯೂ ಸಿಗದೆ ನಿಂತಿದ್ದರು. ತಂಗಿ ಚೀಲದ ಹಿಡಿಯನ್ನು ತಿರುಚುತ್ತಿದ್ದಳು. ಯಜಮಾನರು ಎದ್ದರೆ ಮನೆ ಹೋಯಿತು, ಬೇಸಿಗೆಯಂತೂ ಅರ್ಧ ಮುಗಿದಿತ್ತು.

ಭಾವ ಹೆಂಡತಿಯತ್ತ ನೋಡದೆ ಯಜಮಾನರಿಗೆ ಹೇಳಿದರು: “ಯಜಮಾನ್ರೇ, ನಾನು ನಿಮ್ಮ ಕಡೆಯ ದಲ್ಲಾಳಿ. ನಿಮಗೆ ಹೇಳಬೇಕಾದ್ದು ಹೇಳ್ತೀನಿ. ಇವತ್ತು ಸಹಿ ಹಾಕಬೇಡಿ. ಇನ್ನೊಬ್ಬರನ್ನ ಕರೆಸಿ ಬೆಲೆ ಕಟ್ಟಿಸಿ. ನನಗೆ ಕೊಡೋ ಕಮಿಷನ್ನೂ ಬೇಡ. ಮನೇಗೆ ಹೋಗಿ ಯೋಚನೆ ಮಾಡಿ.”

ತಂಗಿಯ ಮುಖ ಸುಣ್ಣದಂತಾಯಿತು. ಯಜಮಾನರು ಮಾತ್ರ ಕಣ್ಣು ಕಿರಿದು ಮಾಡಿದರು. ಹೆಂಡತಿ ಕೊಳ್ಳುವ ಮನೆಯನ್ನು ಮಾರಬೇಡಿ ಎನ್ನುವ ಗಂಡನನ್ನು ಅವರು ಕಂಡಿರಲಿಲ್ಲ. “ಯಾಕೆ ಬೇಡ ಅಂತೀರಿ? ಬೆಲೆ ಬೀಳೋ ವಿಷಯ ಏನಾದ್ರೂ ಗೊತ್ತಾ ನಿಮಗೆ? ನಾಲ್ಕು ದಿನ ತಡೆದರೆ ಇನ್ನೂ ಕಡಿಮೆಗೆ ಸಿಗುತ್ತೆ ಅಂತ ಲೆಕ್ಕಾನಾ?”

“ಹಾಗಲ್ಲ ಯಜಮಾನ್ರೇ...”

“ಹಾಗಲ್ಲ ಅಂದ್ರೆ ಹಾಗೇ ಇರಬೇಕು. ಪೆನ್ನು ಕೊಡಿ ವಕೀಲರೇ. ಮಂಡಿ ನೋವಿರಬಹುದು, ತಲೆ ಸರಿಯಾಗೇ ಇದೆ.” ಪುಟ ಪುಟಕ್ಕೂ ಒತ್ತಿ ಸಹಿ ಹಾಕಿದರು.

ಭಾವ ಆ ಮಾತನ್ನು ಧರ್ಮಕ್ಕೆ ಹೇಳಿದರೋ, ಯಜಮಾನರ ನಾಡಿ ಹಿಡಿದೇ ಹೇಳಿದರೋ ನನಗೆ ಇಂದಿಗೂ ತಿಳಿಯದು. ಕೇಳಿದರೆ ನೀರು ಕುಡಿಯಲು ಎದ್ದು ಹೋಗುತ್ತಾರೆ.

ಬೀದಿಗೆ ಬಂದ ಮೇಲೆ ತಂಗಿ, “ಕೋಪಾನಾ?” ಎಂದಳು.

ಭಾವ ಕೇಳಿದರು, “ಆ ಪ್ಲಂಬರ್ ಎಷ್ಟು ಬರೆದುಕೊಟ್ಟ?”

ಅವಳು ಹೇಳಿದಳು.

“ಜಾಸ್ತಿ ಆಯ್ತು. ನಾನು ಬಂದು ನಿಲ್ಲೋವರೆಗೂ ನಮ್ಮ ಬಚ್ಚಲಿಗೆ ಕೈ ಹಚ್ಚಬೇಡ ಅನ್ನು ಅವನಿಗೆ.”

ತಂಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ಸೆಕೆಯೂ ಇತ್ತು ಅನ್ನಿ.