ಒಬ್ಬನೇ ಅಣ್ಣ

ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಆದ್ದರಿಂದ ತಪ್ಪು ಮಾತನಾಡುವ ಸ್ವಾತಂತ್ರ್ಯ ನನಗಿಲ್ಲವೆಂದು ನಂಬಿದ್ದೆ. ಪದವಿಯ ನಂತರ ಆನ್‌ಲೈನಿನಲ್ಲಿ ಫ್ರೆಂಚ್ ಕಲಿಯತೊಡಗಿದಾಗ ಆ ಭಯ ಇಮ್ಮಡಿಯಾಯಿತು. ಕನ್ನಡದ ‘ಒಳ್ಳೆಯ’ ಒಬ್ಬ ಅಣ್ಣನಿಗೂ ಇಬ್ಬರಿಗೂ ಒಂದೇ. ಫ್ರೆಂಚಿನಲ್ಲಿ ಒಬ್ಬ ‘ಲ್ವಾಯಾಲ್’, ಅಂದರೆ ನಂಬಿಗಸ್ತ, ಇಬ್ಬರಾದರೆ ‘ಲ್ವಾಯೋ’. ‘ಆಲ್’ ಎಂದು ಮುಗಿಯುವ ಪದಗಳಲ್ಲಿ ‘ಫಾತಾಲ್’, ‘ನಾವಾಲ್’ ಮುಂತಾದ ಕೆಲವು ಮಾತ್ರ ಹಾಗೆ ಬದಲಾಗುವುದಿಲ್ಲ. ಆ ಅಪವಾದಗಳ ಪಟ್ಟಿ ಬಾಯಿಪಾಠವಾಗಿತ್ತು. ಆದರೂ ಮಾತನಾಡುವಾಗ ಎಡವುತ್ತಿದ್ದೆ. ಕೊನೆಗೆ ಬಹುವಚನವನ್ನೇ ಬಿಟ್ಟೆ. ಅಭ್ಯಾಸದ ತರಗತಿಗಳಲ್ಲಿ ನನಗೆ ಒಂದು ದೋಣಿ, ಒಬ್ಬಳು ಗೆಳತಿ, ಒಬ್ಬನೇ ಅಣ್ಣ.

ಮೌಖಿಕ ಪರೀಕ್ಷೆಯ ದಿನ ಮರವಂತೆಯ ನಮ್ಮ ಮನೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತೆ. ಬೆಳಿಗ್ಗೆಯಷ್ಟೇ ಕಡಲಿನಿಂದ ಮರಳಿದ್ದ ಇಬ್ಬರು ಅಣ್ಣಂದಿರೂ ಮಲಗಲಿಲ್ಲ. ಸದ್ದಾಗದಂತೆ ನೋಡಿಕೊಳ್ಳಲು ಅಂಗಳದಲ್ಲಿ ನಿಂತರು. ಮೀನು ಒಯ್ಯುವವನ ಗಾಡಿ ಬಂತು.

“ಹ್ವಾಯ್, ಗಾಡಿ ಬಂದ್ ಮಾಡಿ. ಒಳ್ಗೆ ತಂಗಿದ್ ಪರೀಕ್ಷೆ ಇತ್ತ್,” ಎಂದ ದೊಡ್ಡಣ್ಣ.

“ತಂಗಿ ಪರೀಕ್ಷಿಗೆ ನಿಮ್ದ್ ಎಂತ ಕಾವ್ಲಾ?” ಎಂದ ಗಾಡಿಯವನು.

“ಚೀಟಿ ಕೊಡುಕೆ ನಿಂತದ್ ಮಾರಾಯ್ರೆ,” ಎಂದ ಸಣ್ಣಣ್ಣ.

ಅದೇ ಗಳಿಗೆಯಲ್ಲಿ ಪರದೆಯ ಮೇಲಿನ ಪರೀಕ್ಷಕಿ ನನ್ನ ಕುಟುಂಬದ ಕುರಿತು ಕೇಳಿದರು. ಅಂಗಳದಿಂದ ಅಣ್ಣಂದಿರಿಬ್ಬರ ದನಿಯೂ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ನನಗೆ ಒಬ್ಬ ಅಣ್ಣನಿದ್ದಾನೆ, ಅವನು ನಂಬಿಗಸ್ತ ಎಂದೆ. ವ್ಯಾಕರಣದಲ್ಲಿ ಲೋಪವಿರಲಿಲ್ಲ. ಅವರು ಮುಗುಳ್ನಕ್ಕು, ಚಿಕ್ಕ ಸಂಸಾರ ಎಂದರು. ನಾನು ಹೌದೆಂದೆ.

ಹೊರಗೆ ಬಂದಾಗ ಸಣ್ಣಣ್ಣ ಕಣ್ಣುಜ್ಜುತ್ತ ಜಗಲಿಯಲ್ಲಿ ಕುಳಿತಿದ್ದ. “ಎಂತ ಕೇಂಡ್ರ್?”

“ಮನಿ ಬಗ್ಗೆ.”

“ಅಣ್ಣನ್ ಬಗ್ಗೆ ಹೇಳ್ದ್ಯಾ, ನನ್ ಬಗ್ಗೆಯಾ?”

“ಇಬ್ರ್ ಬಗ್ಗೆಯೂ.”

“ಹಂಗಾರೆ ಅವ್ರ್ ಭಾಷೆಯಂಗೆ ಒಂಚೂರ್ ಹೇಳ್, ಕಾಂಬ.”

ಹೇಳಿದೆ: ನನ್ನ ಅಣ್ಣಂದಿರು ನಂಬಿಗಸ್ತರು. ‘ಲ್ವಾಯೋ’ ಎಂಬುದು ಎಲ್ಲಿಯೂ ತಡವರಿಸದೆ ಬಂತು. ಅದು ಸರಿಯೆಂದು ತಿಳಿದವರು ಆ ಜಗಲಿಯಲ್ಲಿ ನನ್ನ ಹೊರತು ಯಾರೂ ಇರಲಿಲ್ಲ.

“ಲಾಯ್ಕ್ ಇತ್ತ್,” ಎಂದು ಸಣ್ಣಣ್ಣ ಮಲಗಲು ಎದ್ದು ಹೋದ. ನಾನು ಜಗಲಿಯಲ್ಲಿಯೇ ಉಳಿದೆ.